ಮುಷ್ಟಿಪ್ರಹಾರದ ಬಲವೂ ಕಣದ ನಿಯಮಗಳೂ

ಮುಷ್ಟಿಯುದ್ಧದಲ್ಲಿ ಗುದ್ದಿನ ಬಲವೆಲ್ಲ ತೋಳಿನಲ್ಲಿದೆಯೆಂಬುದು ಸಾಮಾನ್ಯ ಅಭಿಪ್ರಾಯ. ದಪ್ಪ ತೋಳಿನವನ ಗುದ್ದು ಭಾರವಾದುದೆಂದೂ ಸಣ್ಣ ತೋಳಿನವನ ಗುದ್ದು ಹಗುರವಾದುದೆಂದೂ ಜನ ಎಣಿಸುತ್ತಾರೆ. ಆದರೆ ಈ ಕಲೆಯಲ್ಲಿ ನುರಿತವರ ಅನುಭವವಾಗಲಿ ಈಚಿನ ಅಳತೆಗಳಾಗಲಿ ಈ ಅಭಿಪ್ರಾಯವನ್ನು ಸಮರ್ಥಿಸುವುದಿಲ್ಲ. ಬಲವು ಪಾದದಲ್ಲಿ ಹುಟ್ಟುತ್ತದೆ. ತೋಳು ಅದನ್ನು ಗುರಿಗೆ ಮುಟ್ಟಿಸುವ ಕೊನೆಯ ಕೊಂಡಿ. ಇದು ಅಂಗಸಾಧನೆಯ ವಿಷಯವಾದರೂ ಇತಿಹಾಸದ ಅಭ್ಯಾಸಿಗೂ ಇದರಲ್ಲಿ ಆಸಕ್ತಿಯುಂಟು. ಕಣದ ನಿಯಮಗಳು ಬದಲಾದಾಗಲೆಲ್ಲ ಗುದ್ದುವ ರೀತಿಯೂ ಅದನ್ನು ಕಲಿಸುವ ಕ್ರಮವೂ ಬದಲಾಗಿವೆ. ಇಂಗ್ಲೆಂಡು ಮತ್ತು ಅಮೆರಿಕಗಳ ಮುಷ್ಟಿಯುದ್ಧದ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಈ ಸಂಬಂಧವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬಲವು ಹುಟ್ಟುವ ಬಗೆಯನ್ನು ನೋಡೋಣ. ಬಲಗೈ ರೂಢಿಯುಳ್ಳವನು ಎಡಗಾಲನ್ನು ಮುಂದಿಟ್ಟು, ಮೊಣಕಾಲುಗಳನ್ನು ತುಸು ಬಾಗಿಸಿ ನಿಲ್ಲುತ್ತಾನೆ. ಬಲಗೈಯಿಂದ ನೇರವಾಗಿ ಗುದ್ದುವಾಗ ಹಿಂದಿನ ಪಾದದ ಮುಂಭಾಗವು ನೆಲವನ್ನು ಒತ್ತುತ್ತದೆ. ಹಿಮ್ಮಡಿಯು ಮೇಲೆದ್ದು ಹೊರಕ್ಕೆ ತಿರುಗುತ್ತದೆ. ನೆಲದ ಪ್ರತಿಬಲವು ಕಾಲಿನ ಮೂಲಕ ಏರಿ ಸೊಂಟವನ್ನು ತಿರುಗಿಸುತ್ತದೆ. ಸೊಂಟವು ಮುಂಡವನ್ನೂ, ಮುಂಡವು ಭುಜವನ್ನೂ, ಭುಜವು ತೋಳನ್ನೂ ಕ್ರಮವಾಗಿ ಮುಂದಕ್ಕೆ ಎಸೆಯುತ್ತವೆ. ಈ ಕ್ರಮವೇ ಮುಖ್ಯವಾದುದು. ಸೊಂಟಕ್ಕಿಂತ ಮೊದಲೇ ತೋಳು ಹೊರಟರೆ ಕೆಳಗಿನ ಬಲ ವ್ಯರ್ಥವಾಗುತ್ತದೆ. ಗುದ್ದು ತಾಗುವವರೆಗೂ ತೋಳು ಸಡಿಲವಾಗಿರಬೇಕು. ಮೊದಲೇ ಬಿಗಿದರೆ ಎದುರು ಸ್ನಾಯುಗಳು ವೇಗವನ್ನು ತಡೆಯುತ್ತವೆ. ತಾಗುವ ಕ್ಷಣದಲ್ಲಿ ಮಾತ್ರ ಮುಷ್ಟಿಯನ್ನು ಬಿಗಿದು ಮಣಿಕಟ್ಟನ್ನು ನೆಟ್ಟಗೆ ನಿಲ್ಲಿಸಬೇಕು. ಆಗ ಮುಷ್ಟಿಯ ಹಿಂದೆ ದೇಹದ ತೂಕವೂ ನಿಂತಂತಾಗುತ್ತದೆ.

ಈ ವಿವರಣೆಗೆ ಅಳತೆಗಳ ಬೆಂಬಲವಿದೆ. ೧೯೮೫ರಲ್ಲಿ ಪ್ರಕಟವಾದ ಸೋವಿಯತ್ ಸಂಶೋಧಕರ ಅಧ್ಯಯನವೊಂದರ ಪ್ರಕಾರ ನಿಪುಣರ ಗುದ್ದಿನಲ್ಲಿ ಕಾಲಿನ ಪಾಲು ಸುಮಾರು ಐದರಲ್ಲಿ ಎರಡು ಭಾಗ. ಕೆಳದರ್ಜೆಯ ಸ್ಪರ್ಧಿಗಳಲ್ಲಿ ಅದು ಆರರಲ್ಲಿ ಒಂದು ಭಾಗದಷ್ಟು ಮಾತ್ರ. ತೋಳಿನ ಪಾಲಾದರೋ ನಿಪುಣರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿಲ್ಲ. ಅಭ್ಯಾಸವು ಬೆಳೆದಂತೆ ಬಲದ ಮೂಲವು ತೋಳಿನಿಂದ ಕಾಲಿಗೆ ಇಳಿಯುತ್ತದೆಯೆಂದು ಇದರಿಂದ ತಿಳಿಯುತ್ತದೆ. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫ್ರಾಂಕ್ ಬ್ರೂನೊ ಎಂಬ ಭಾರಿ ತೂಕದ ಮುಷ್ಟಿಮಲ್ಲನ ಗುದ್ದಿನ ಅಳತೆ ಪ್ರಕಟವಾಯಿತು. ಅವನ ಮುಷ್ಟಿಯು ಸೆಕೆಂಡಿಗೆ ೮.೯ ಮೀಟರ್ ವೇಗದಲ್ಲಿ ಬಂದು ತಾಗಿತು. ಆಗಿನ ಗರಿಷ್ಠ ಬಲ ೪,೦೯೬ ನ್ಯೂಟನ್, ಎಂದರೆ ನಾನೂರು ಕಿಲೋಗ್ರಾಂಗೂ ಮೀರಿದ ಭಾರದ ಒತ್ತಡ.

ಇಷ್ಟು ಬಲವನ್ನು ಬರಿಗೈಯಿಂದ ತಲೆಬುರುಡೆಯ ಮೇಲೆ ಪ್ರಯೋಗಿಸಿದರೆ ಏನಾದೀತು? ಕೈಯಲ್ಲಿರುವುದು ೨೭ ಸಣ್ಣ ಮೂಳೆಗಳು. ಹಣೆಯ ಮೂಳೆಯೋ ಬಹು ಗಟ್ಟಿ. ಹೊಡೆದವನ ಕೈಯೇ ಮೊದಲು ಮುರಿಯುವ ಸಂಭವ ಹೆಚ್ಚು. ಆದುದರಿಂದ ಬರಿಗೈ ಕಾಲದ ಮಲ್ಲನು ಕೈಯನ್ನು ಕಾಪಾಡಿಕೊಂಡೇ ಹೋರಾಡಬೇಕಾಗಿತ್ತು. ಜ್ಯಾಕ್ ಬ್ರಾಟನ್ ೧೭೪೩ರಲ್ಲಿ ಲಂಡನ್ನಿನಲ್ಲಿ ರಚಿಸಿದ ನಿಯಮಗಳು ಈ ಎಚ್ಚರಿಕೆಗೆ ಅನುಕೂಲವಾಗಿದ್ದುವು. ಸುತ್ತಿಗೆ ಕಾಲಮಿತಿಯಿರಲಿಲ್ಲ, ಒಬ್ಬನು ಬಿದ್ದರೆ ಸುತ್ತು ಮುಗಿಯುತ್ತಿತ್ತು. ಬಿದ್ದವನನ್ನು ಅವನ ಸಹಾಯಕನು ಎಬ್ಬಿಸಿ ಉಪಚರಿಸಿ ಅರ್ಧ ನಿಮಿಷದೊಳಗೆ ಕಣದ ನಡುವಿನ ಗೆರೆಗೆ ತರಬಹುದಾಗಿತ್ತು. ಹಿಡಿದು ಕೆಡವುವುದಕ್ಕೂ ಅವಕಾಶವಿತ್ತು. ಹೀಗಿರುವಲ್ಲಿ ಒಂದೇ ಭಾರಿ ಗುದ್ದಿನಿಂದ ಕಾಳಗವನ್ನು ಮುಗಿಸುವುದಕ್ಕಿಂತ ಎದುರಾಳಿಯನ್ನು ಬಹುಕಾಲ ದಣಿಸುವುದೇ ಲೇಸೆನಿಸುತ್ತಿತ್ತು. ಶಾಸ್ತ್ರಜ್ಞಾನದ ಕೊರತೆಯೇ ಇದಕ್ಕೆ ಕಾರಣವೆನ್ನಲಾಗದು. ಕ್ಯಾಪ್ಟನ್ ಜಾನ್ ಗಾಡ್‌ಫ್ರಿ ೧೭೪೭ರಷ್ಟು ಹಿಂದೆಯೇ ಸ್ನಾಯುಗಳನ್ನು ಸ್ಪ್ರಿಂಗುಗಳಿಗೂ ಸನ್ನೆಗೋಲುಗಳಿಗೂ ಹೋಲಿಸಿ ಬರೆದಿದ್ದನು.

ಆ ಕಾಲದ ಶಿಕ್ಷಣವೂ ಇದಕ್ಕೆ ತಕ್ಕಂತೆಯೇ ಇತ್ತು. ೧೮೧೧ರಲ್ಲಿ ಟಾಮ್ ಕ್ರಿಬ್ ಎಂಬ ಮಲ್ಲನನ್ನು ಕ್ಯಾಪ್ಟನ್ ಬಾರ್ಕ್ಲೆ ಸ್ಕಾಟ್ಲೆಂಡಿಗೆ ಕರೆದೊಯ್ದು ದೀರ್ಘ ನಡಿಗೆ, ಓಟ ಮತ್ತು ಆಹಾರದ ಕಟ್ಟುಪಾಡುಗಳಿಂದ ಸಿದ್ಧಗೊಳಿಸಿದನು. ಕ್ರಿಬ್ಬನ ತೂಕ ೨೨೪ ಪೌಂಡಿನಿಂದ ೧೯೦ ಪೌಂಡಿನ ಆಸುಪಾಸಿಗೆ ಇಳಿಯಿತು. ಗುದ್ದಿನ ಭಾರಕ್ಕಿಂತ ಉಸಿರಿನ ಶಕ್ತಿಯನ್ನು ಬೆಳೆಸುವುದೇ ಈ ಸಾಧನೆಯ ಗುರಿಯಾಗಿತ್ತು.

ನಿಯಮವೇ ಗುದ್ದನ್ನು ರೂಪಿಸುತ್ತದೆಯೆಂಬುದಕ್ಕೆ ನಮ್ಮ ನಾಡಿನಲ್ಲಿಯೂ ಒಂದು ಸಾಕ್ಷಿಯುಂಟು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ಮಲ್ಲರು ಬೆರಳಗೆಣ್ಣುಗಳ ಮೇಲೆ ಮೊನೆಯುಳ್ಳ ಆಯುಧವನ್ನು ಧರಿಸುತ್ತಾರೆ. ಒಬ್ಬನ ಬೋಳಿಸಿದ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಇಲ್ಲಿ ಎದುರಾಳಿಯನ್ನು ಕೆಡಹುವ ಭಾರಕ್ಕೆ ಬೆಲೆಯಿಲ್ಲ. ಮೊದಲು ಮುಟ್ಟುವ ಚುರುಕಿಗೇ ಬೆಲೆ. ಗುದ್ದಿಗೆ ಯಾವುದು ಗೆಲುವೆಂಬುದನ್ನು ನಿಯಮವು ಗೊತ್ತುಮಾಡುತ್ತದೆ. ಉಳಿದುದನ್ನು ಮಲ್ಲನು ತಾನಾಗಿ ಕಂಡುಕೊಳ್ಳುತ್ತಾನೆ.

ಇಂಗ್ಲೆಂಡಿನಲ್ಲಿ ಈ ಗೆಲುವಿನ ಅರ್ಥವೇ ೧೮೬೭ರಲ್ಲಿ ಬದಲಾಯಿತು. ಜಾನ್ ಗ್ರಹಾಂ ಚೇಂಬರ್ಸ್ ರಚಿಸಿ ಕ್ವೀನ್ಸ್‌ಬೆರಿ ಪ್ರಭುವಿನ ಹೆಸರಿನಲ್ಲಿ ಪ್ರಕಟವಾದ ನಿಯಮಗಳು ಕೈಗವಸನ್ನು ಕಡ್ಡಾಯಮಾಡಿ ಕುಸ್ತಿಯನ್ನು ನಿಷೇಧಿಸಿದುವು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದು ನಿಮಿಷ ವಿಶ್ರಾಂತಿ. ಬಿದ್ದವನು ಯಾರ ನೆರವೂ ಇಲ್ಲದೆ ಹತ್ತು ಸೆಕೆಂಡಿನೊಳಗೆ ಏಳಬೇಕು. ಅರ್ಧ ನಿಮಿಷದ ಉಪಚಾರಕ್ಕೆ ಬದಲು ಹತ್ತು ಸೆಕೆಂಡಿನ ಎಣಿಕೆ ಬಂದುದರಿಂದ ಒಂದು ಭಾರಿ ಗುದ್ದೇ ಕಾಳಗವನ್ನು ಮುಗಿಸಬಲ್ಲುದಾಯಿತು. ಕೈಗವಸಿನೊಳಗಿನ ಕೈಗೆ ತಲೆಬುರುಡೆಯ ಭಯವೂ ಕಡಮೆಯಾಯಿತು. ೧೮೮೯ರಲ್ಲಿ ಸಲಿವನ್ ಮತ್ತು ಕಿಲ್ರೇನ್ ಬರಿಗೈಯಿಂದ ೭೫ ಸುತ್ತು ಹೋರಾಡಿದರು. ೧೮೯೨ರಲ್ಲಿ ಅದೇ ಸಲಿವನ್ ಕೈಗವಸು ತೊಟ್ಟು ಕಾರ್ಬೆಟ್ಟನೆದುರು ೨೧ನೆಯ ಸುತ್ತಿನಲ್ಲಿ ಸೋತನು.

ಈ ಹೊಸ ಗುದ್ದಿನ ಪೂರ್ಣರೂಪವನ್ನು ಜ್ಯಾಕ್ ಡೆಂಪ್ಸಿಯಲ್ಲಿ ಕಾಣುತ್ತೇವೆ. ೧೯೧೯ರಲ್ಲಿ ೧೮೭ ಪೌಂಡು ತೂಕದ ಅವನು ೨೪೫ ಪೌಂಡು ತೂಕದ ವಿಲರ್ಡನನ್ನು ಮೊದಲ ಸುತ್ತಿನಲ್ಲಿಯೇ ಏಳು ಬಾರಿ ಕೆಡವಿದನು. ಅವನು ೧೯೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಲದ ಮೂಲವನ್ನು ಸ್ಪಷ್ಟಪಡಿಸಿದ್ದಾನೆ. ಮುಂದಿನ ಕಾಲನ್ನು ನೆಲದಿಂದೆತ್ತಿದೊಡನೆ ದೇಹವು ಮುಂದಕ್ಕೆ ಬೀಳತೊಡಗುತ್ತದೆ. ಆ ಬೀಳುವ ತೂಕವು ನೆಲಕ್ಕೆ ತಾಗುವ ಮೊದಲೇ ಅದನ್ನು ಮುಷ್ಟಿಗೆ ತಿರುಗಿಸಬೇಕೆಂಬುದು ಅವನ ಬೋಧೆ. ಇದಕ್ಕೆ ಭುಜಗಳ ತಿರುವನ್ನೂ ಕಾಲುಗಳ ಮೇಲ್ನೆಗೆತವನ್ನೂ ಅವನು ಸೇರಿಸುತ್ತಾನೆ.

ಇಂದಿನ ಶಿಕ್ಷಣಕ್ರಮವು ಈ ತತ್ತ್ವವನ್ನೇ ಅನುಸರಿಸುತ್ತದೆ. ಮೊದಲು ನಿಲುವು ಮತ್ತು ಹೆಜ್ಜೆ. ಬಳಿಕ ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವ ಅಭ್ಯಾಸ. ಅನಂತರ ತೂಗುಬಿಟ್ಟ ಭಾರದ ಚೀಲ. ಹಗ್ಗದಾಟವು ಪಾದಕ್ಕೆ ಚುರುಕನ್ನೂ, ಭಾರದ ಚೆಂಡಿನ ಎಸೆತವು ಸೊಂಟದ ತಿರುವಿಗೆ ವೇಗವನ್ನೂ, ಬಸ್ಕಿಯು ಕಾಲಿಗೆ ಬಲವನ್ನೂ ಕೊಡುತ್ತವೆ. ಚೀಲವನ್ನು ದೂಡದೆ, ಥಟ್ಟನೆ ಹೊಡೆದು ಕೈಯನ್ನು ಹಿಂದಕ್ಕೆಳೆಯುವುದನ್ನು ಕಲಿಯಬೇಕು. ದಣಿದು ಕ್ರಮ ಕೆಟ್ಟ ಮೇಲೂ ಗುದ್ದುತ್ತಿದ್ದರೆ ತಪ್ಪೇ ರೂಢಿಯಾಗುತ್ತದೆ.

ಇನ್ನು ಈ ಚರಿತ್ರೆಯ ಕಹಿಯಾದ ಭಾಗ. ಮೃದುವಾದ ಕೈಗವಸು ಕ್ರೌರ್ಯವನ್ನು ತಗ್ಗಿಸಿತೆಂದು ಹಲವರ ನಂಬಿಕೆ. ಅದು ಗಾಯವನ್ನೂ ರಕ್ತವನ್ನೂ ಕಡಮೆಮಾಡಿದುದು ನಿಜ. ಆದರೆ ಅದು ಹೆಚ್ಚಾಗಿ ಕಾಪಾಡಿದ್ದು ಹೊಡೆಯುವವನ ಕೈಯನ್ನು. ಕೈ ಮುರಿಯುವ ಭಯವು ವಿಧಿಸಿದ್ದ ಮಿತಿ ತೊಲಗಿದುದರಿಂದ ತಲೆಯು ಮುಖ್ಯ ಗುರಿಯಾಯಿತು. ತಲೆಯು ಥಟ್ಟನೆ ತಿರುಗಿದಾಗ ಒಳಗಿನ ಮಿದುಳಿಗಾಗುವ ಎಳೆತವನ್ನು ಮೆತ್ತೆಯು ತಡೆಯಲಾರದು. ೧೯೨೮ರಲ್ಲಿ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯನು ಬಹುಕಾಲ ಗುದ್ದು ತಿಂದ ಮಲ್ಲರ ತಡವರಿಕೆ ಮತ್ತು ಬುದ್ಧಿಮಾಂದ್ಯಗಳನ್ನು ವರ್ಣಿಸಿದನು. ೧೯೭೩ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು ೧೫ ಮಂದಿ ಮಾಜಿ ಮುಷ್ಟಿಮಲ್ಲರ ಮಿದುಳುಗಳನ್ನು ಪರೀಕ್ಷಿಸಿ ಅಲ್ಲಿನ ಹಾನಿಯನ್ನು ಪ್ರಕಟಪಡಿಸಿದರು.

ಆದುದರಿಂದ ಬಲವನ್ನು ಬೆಳೆಸುವ ವಿದ್ಯೆಯ ಜೊತೆಗೆ ಅದನ್ನು ಎಲ್ಲಿ ಪ್ರಯೋಗಿಸಬೇಕೆಂಬ ವಿವೇಕವನ್ನೂ ಗುರುವು ಕಲಿಸಬೇಕು. ಪೂರ್ಣಬಲದ ಗುದ್ದು ಚೀಲಕ್ಕೆ ಸಲ್ಲಲಿ. ಜೊತೆಗಾರನ ತಲೆಗೆ ಅಭ್ಯಾಸದಲ್ಲಿ ಹಗುರವಾದ ಸ್ಪರ್ಶವೇ ಸಾಕು. ಹಿಂದೆ ಮೂಳೆಯ ದೌರ್ಬಲ್ಯವು ತಾನಾಗಿ ವಿಧಿಸುತ್ತಿದ್ದ ಮಿತಿಯನ್ನು ಇಂದು ನಿಯಮವೂ ಗುರುವೂ ತಿಳಿದು ವಿಧಿಸಬೇಕಾಗಿದೆ.