ನಿಮ್ಮ ಮನೆಯ ಮಾಡು ಸೋರುತ್ತಿದೆಯೇ?

ಜೂನ್ ತಿಂಗಳ ನಡುರಾತ್ರಿ. ಹೊರಗೆ ಧಾರಾಕಾರ ಮಳೆ. ಮಕ್ಕಳೆಲ್ಲ ಮಲಗಿದ್ದಾರೆ. ಎಲ್ಲಿಂದಲೋ 'ಟಪ್... ಟಪ್...' ಎಂಬ ಸದ್ದು. ನೀವು ಎದ್ದು ಅಡುಗೆ ಮನೆಯ ನಲ್ಲಿ ನೋಡುತ್ತೀರಿ, ಬಚ್ಚಲು ಮನೆಗೂ ಹೋಗಿ ಬರುತ್ತೀರಿ. ಎರಡೂ ಬಂದ್ ಆಗಿವೆ. ಕೊನೆಗೆ ಬಟ್ಟೆ ಕಪಾಟಿನ ಮೇಲೆ ಕೈಯಿಟ್ಟಾಗ ಬೆರಳೆಲ್ಲ ಒದ್ದೆ! ಕೂಡಲೇ ಒಂದು ಬಾಲ್ದಿ ತಂದಿಟ್ಟು ಮಲಗುತ್ತೀರಿ. ಬೆಳಿಗ್ಗೆ ಮನೆಯವರಿಗೆ ಹೇಳಿದರೆ "ಮಳೆ ಬಿಡಲಿ, ನೋಡುವ" ಎಂಬ ಉತ್ತರ. ಮಳೆ ಬಿಡುತ್ತದೆ, ಮಾಡು ಒಣಗುತ್ತದೆ, ವಿಷಯ ಮರೆತು ಹೋಗುತ್ತದೆ. ಮುಂದಿನ ಜೂನ್‌ನಲ್ಲಿ ಪುನಃ ಅದೇ ಬಾಲ್ದಿ.

ಇದು ಅನೇಕ ಮನೆಗಳ ಕಥೆ. ನನ್ನ ಮನೆಯ ಕಥೆಯೂ ಹೌದು. ಮಕ್ಕಳು ಮಲಗುವ ಕೋಣೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಕಂದು ಕಲೆ ಮೂಡಿತ್ತು. ಗಲ್ಫ್‌ನಲ್ಲಿರುವ ಪತಿಗೆ ಫೋನಿನಲ್ಲಿ ಹೇಳಿದಾಗ "ರಜೆಯಲ್ಲಿ ಬಂದಾಗ ನೋಡುತ್ತೇನೆ" ಎಂದರು. ಕರೆಸಿದ ಕೆಲಸದವರು "ಏನೂ ಆಗಿಲ್ಲ, ಎರಡು ಕೋಟು ಬಣ್ಣ ಬಳಿದರೆ ಸರಿಯಾಗುತ್ತದೆ" ಎಂದರು. ಈದ್‌ಗೆ ಮುಂಚೆ ಬಣ್ಣ ಬಳಿಸಿದೆ. ಕಲೆ ಮಾಯ. ಮರು ವರ್ಷ ಆಗಸ್ಟ್‌ನ ಒಂದು ಮುಂಜಾವ, ಮಗ ಸುಬ್‌ಹ್ ನಮಾಝ್‌ಗೆ ಎದ್ದು ಹೋದ ಸ್ವಲ್ಪ ಹೊತ್ತಿಗೆ ಅಂಗೈ ದಪ್ಪದ ಗಾರೆಯ ತುಂಡು ಅವನ ದಿಂಬಿನ ಮೇಲೆಯೇ ಬಿತ್ತು. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ತಲೆಯೆತ್ತಿ ನೋಡಿದರೆ ಕಬ್ಬಿಣದ ಸರಳು ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. ಅಂದಿನಿಂದ ಈ ವಿಷಯದಲ್ಲಿ ಗೊತ್ತಿದ್ದವರನ್ನೆಲ್ಲ ಕೇಳಿ ಕೇಳಿ ಕಲಿತುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ನಮ್ಮ ಕರಾವಳಿಯಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಸುರಿಯುವುದು ದೊಡ್ಡ ಸಂಗತಿಯೇನಲ್ಲ. ಆ ಒಂದು ದಿನದಲ್ಲಿ ನಿಮ್ಮ ತಲೆಯ ಮೇಲೆ 9,300 ಲೀಟರ್ ನೀರು ಬಿದ್ದಿರುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬರುತ್ತದೆ. ಅಂದರೆ ಮೂರು ಲಕ್ಷ ಲೀಟರ್‌ಗೂ ಹೆಚ್ಚು ನೀರು. ಅದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಸೋರುವುದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ

ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇದೆಯೆಂದು ನಾವು ಭಾವಿಸುತ್ತೇವೆ. ಹೆಚ್ಚಿನ ಸಲ ಅದು ತಪ್ಪು. ಹಂಚಿನ ಮನೆಯಾದರೆ ನೀರು ಮೇಲೆಲ್ಲೋ ಒಳಗಿಳಿದು, ರೀಪು ಅಥವಾ ಪಕಾಸಿನ ಗುಂಟ ಹರಿದು ಬಂದು, ಗಂಟೋ ಮೊಳೆಯೋ ಸಿಕ್ಕಿದಲ್ಲಿ ಬೀಳುತ್ತದೆ. ಆದುದರಿಂದ ಹುಡುಕುವಾಗ ಬಿದ್ದ ಜಾಗದಿಂದ ಮಾಡಿನ ನೆತ್ತಿಯ ಕಡೆಗೆ ನೋಡುತ್ತಾ ಹೋಗಬೇಕು. ಹಗಲಿನಲ್ಲಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕತ್ತಲೆ ಮಾಡಿ ಮೇಲೆ ನೋಡಿರಿ. ಬೆಳಕು ಸೂಜಿಯಂತೆ ತೂರಿ ಬರುವಲ್ಲಿ ಹಂಚು ಬಿರಿದಿದೆ ಅಥವಾ ಸರಿದಿದೆ. ರೀಪಿನ ಮೇಲೆ ಕಪ್ಪು ಗೆರೆ ಇದ್ದರೆ ಅದು ಹಿಂದಿನ ವರ್ಷಗಳ ನೀರು ಹರಿದ ದಾರಿ.

ಮಂಗಳೂರು ಹಂಚು ನಮಗೆ ಹೊಸತಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿನ ಮಳೆಯನ್ನು ತಡೆದ ಹಂಚು ಅದು. ಒಂದರ ಗಾಡಿಗೆ ಇನ್ನೊಂದು ಕುಳಿತುಕೊಳ್ಳುವಂತೆ ಮಾಡಿರುವುದರಿಂದ ಸಿಮೆಂಟೇ ಬೇಡ. ಅದರ ದೊಡ್ಡ ಗುಣವೆಂದರೆ ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಮುಚ್ಚಿಗೆ ಇಲ್ಲದ ಮನೆಯಲ್ಲಿ ಒಳಗಿನಿಂದಲೇ ಮೇಲಿನ ಹಂಚನ್ನು ತುಸು ಎತ್ತಿ ಒಡೆದದ್ದನ್ನು ಎಳೆದು ಹೊಸದನ್ನು ತೂರಿಸುತ್ತಾರೆ. ನಮ್ಮ ಉಮ್ಮ ಹತ್ತಿಪ್ಪತ್ತು ಹಳೆಯ ಹಂಚುಗಳನ್ನು ಯಾವಾಗಲೂ ಕೊಟ್ಟಿಗೆಯ ಹಿಂದೆ ಪೇರಿಸಿಡುತ್ತಿದ್ದರು. ಅದರ ಬೆಲೆ ನನಗೆ ಆಗ ಗೊತ್ತಿರಲಿಲ್ಲ. ಬೇರೆ ಕಾರ್ಖಾನೆಯ ಹಂಚು ಎಷ್ಟೋ ಸಲ ಅಳತೆಗೆ ಕೂಡುವುದಿಲ್ಲ!

ಹಂಚಿನ ಮಾಡು ಸೋರುವುದು ಹೆಚ್ಚಾಗಿ ಮೂರು ನಾಲ್ಕು ಕಡೆಗಳಲ್ಲಿ. ತೆಂಗಿನಕಾಯಿ ಬಿದ್ದೋ ಮಂಗಗಳು ಓಡಾಡಿಯೋ ಒಡೆದಲ್ಲಿ, ನೆತ್ತಿಯ ಹಂಚಿನ ಗಾರೆ ಬಿರಿದಲ್ಲಿ, ಎರಡು ಮಾಡುಗಳು ಕೂಡುವಲ್ಲಿ ಹಾಕಿದ ತಗಡಿನ ದಂಬೆ ತುಕ್ಕು ಹಿಡಿದಲ್ಲಿ, ಮತ್ತು ಆ ದಂಬೆಯಲ್ಲಿ ತರಗೆಲೆ ತುಂಬಿ ನೀರು ಹಿಂದಕ್ಕೆ ಮಗುಚಿದಲ್ಲಿ. ಕೊನೆಯದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಎಲೆ ತೆಗೆದರಾಯಿತು. ಆದರೆ ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಮಳೆಗಾಲದಲ್ಲಿ ಮಕ್ಕಳನ್ನು ಖಂಡಿತ ಹತ್ತಿಸಬೇಡಿ. ಈ ಕೆಲಸ ಮೇ ತಿಂಗಳದ್ದು.

ತಾರಸಿ ಮನೆ ಕೊಡುವ ಸೂಚನೆಗಳು

ತಾರಸಿ ಹಂಚಿನಂತಲ್ಲ. ಅದು ನೀರನ್ನು ಮೊದಲು ಕುಡಿಯುತ್ತದೆ, ಬಹಳ ಸಮಯದ ನಂತರವೇ ತೊಟ್ಟಿಕ್ಕುತ್ತದೆ. ಅಷ್ಟರಲ್ಲಿ ಅದು ಕೆಲವು ಸೂಚನೆಗಳನ್ನು ಕೊಟ್ಟಿರುತ್ತದೆ. ಮನೆಯಲ್ಲಿ ಹೆಚ್ಚು ಹೊತ್ತು ಇರುವ ನಾವೇ ಅವನ್ನು ಮೊದಲು ಕಾಣುವವರು. ಸುತ್ತಲೂ ಅಂಚು ಮೂಡಿದ ಹಳದಿ ಅಥವಾ ಕಂದು ಕಲೆ, ಗುಳ್ಳೆಯೆದ್ದ ಬಣ್ಣ, ಗೋಡೆಯ ಮೇಲೆ ಉಪ್ಪಿನಂತಹ ಬಿಳಿ ಪುಡಿ, ಮೂಲೆಯಲ್ಲಿ ಕಪ್ಪು ಬೂಸ್ಟು, ಕಪಾಟಿನಲ್ಲಿಟ್ಟ ಬಟ್ಟೆಗಳಿಗೆ ಮುಗ್ಗಲು ವಾಸನೆ... ಇವುಗಳಲ್ಲಿ ಒಂದು ಕಂಡರೂ ಸುಮ್ಮನಿರಬೇಡಿ. ಸರಳಿನ ಗುಂಟ ಉದ್ದಕ್ಕೆ ಬಿರುಕು ಮೂಡಿ ಕೆಂಪು ನೀರಿನ ಗುರುತು ಕಂಡರಂತೂ ತಡ ಮಾಡಲೇಬಾರದು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಹಿಗ್ಗುತ್ತದೆ, ಹಿಗ್ಗಿ ಕಾಂಕ್ರೀಟನ್ನೇ ಒಡೆದು ಕೆಳಗೆ ತಳ್ಳುತ್ತದೆ. ನನ್ನ ಮಗನ ದಿಂಬಿನ ಮೇಲೆ ಬಿದ್ದದ್ದು ಅದೇ. ಸಮುದ್ರದ ಹತ್ತಿರದ ಮನೆಗಳಲ್ಲಿ ಉಪ್ಪು ಗಾಳಿಯಿಂದಾಗಿ ಇದು ಇನ್ನೂ ಬೇಗ ಆಗುತ್ತದೆ. ಅನುಮಾನವಿದ್ದಲ್ಲಿ ಉದ್ದ ಕೋಲಿನಿಂದ, ಪಕ್ಕಕ್ಕೆ ನಿಂತು, ಮೆಲ್ಲಗೆ ತಟ್ಟಿ ನೋಡಿರಿ. ಪೊಳ್ಳು ಸದ್ದು ಬಂದರೆ ಆ ಜಾಗದ ಕೆಳಗಿರುವ ಮಂಚವನ್ನು ಅಂದೇ ಸರಿಸಿಬಿಡಿ.

ಕಲೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆದಿಡಿ. ಹತ್ತು ದಿನ ಬಿಟ್ಟು ನೋಡಿರಿ. ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ಪರದೇಶದಲ್ಲಿರುವವರಿಗೆ ಕಳಿಸಿದರೆ "ಏನೂ ಇಲ್ಲ" ಎನ್ನುವ ಬಾಯಿಯೂ ಮುಚ್ಚುತ್ತದೆ!

ಎಲ್ಲ ತೇವವೂ ಮಾಡಿನದ್ದಲ್ಲ ಎಂಬುದೂ ನೆನಪಿರಲಿ. ಮಾರ್ಚ್ ತಿಂಗಳ ಬಿಸಿಲಿನಲ್ಲೂ ಒಣಗದ ಕಲೆಯಾದರೆ ಅದು ಮಳೆಯದ್ದಲ್ಲ, ಪೈಪಿನದ್ದು, ಮೇಲಿನ ಅಂತಸ್ತಿನ ಬಚ್ಚಲಿನದ್ದು ಅಥವಾ ನೀರಿನ ಟಾಂಕಿಯದ್ದು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಮಾತ್ರ ಗೋಡೆ ಒದ್ದೆಯಾಗಿದ್ದರೆ ಮಣ್ಣಿನ ತೇವ ಮೇಲೆ ಹತ್ತಿದೆ. ಪಡುವಣ ಗೋಡೆ ಇಡೀ ತಣ್ಣಗಿದ್ದರೆ ಗಾಳಿಮಳೆ ನೇರವಾಗಿ ಗೋಡೆಗೆ ಬಡಿಯುತ್ತಿದೆ. ಕೆಂಪುಕಲ್ಲು ನೀರನ್ನು ಚೆನ್ನಾಗಿ ಹೀರುತ್ತದೆ. ಹಿಂದೆ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. ಇಂತಹ ಮನೆಯಲ್ಲಿ ತಾರಸಿಗೆ ಎಷ್ಟು ಹಣ ಸುರಿದರೂ ಗೋಡೆ ಒಣಗದು.

ಮಾಡಿನದ್ದೇ ಎಂದು ಖಾತ್ರಿಯಾದರೆ ಮಳೆ ಬಿಟ್ಟ ಒಂದು ಗಂಟೆಯ ನಂತರ ತಾರಸಿಗೆ ಹೋಗಿರಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲಿ ಬಳಪದಲ್ಲಿ ಗುರುತು ಹಾಕಿರಿ. ತಾರಸಿಗೆ ಹತ್ತು ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚಾದರೂ ಇಳಿಜಾರು ಇರಬೇಕು. ನೀರು ಹೋಗುವ ಪೈಪಿನ ಬಾಯಿ, ತಾರಸಿಗೂ ಸುತ್ತಲಿನ ಅರೆಗೋಡೆಗೂ ನಡುವಿನ ಸಂದು, ಟಾಂಕಿಯ ಬುಡ, ಪೈಪು ತೂರಿಸಿದ ತೂತು, ಡಿಶ್ ಕೂರಿಸಲು ಹೊಡೆದ ಬೋಲ್ಟು, ಇವನ್ನು ನೋಡಿರಿ. ಗೋಡೆಯ ಸಂದಿಯಲ್ಲಿ ಹುಟ್ಟಿದ ಅಶ್ವತ್ಥದ ಸಸಿ ಚೆಂದ ಕಾಣುತ್ತದೆ, ಆದರೆ ಅದರ ಬೇರು ಮನೆಯೊಳಗೆ ಹೊರಟಿದೆ.

ಮಳೆಯ ಮಧ್ಯೆ ಸೋರಿದರೆ

ಫ್ಯಾನ್, ಬಲ್ಬು ಅಥವಾ ಸ್ವಿಚ್ ಬೋರ್ಡಿನಿಂದ ನೀರು ಇಳಿಯುತ್ತಿದ್ದರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿರಿ. ಬಾಲ್ದಿ, ಬಟ್ಟೆ ಎಲ್ಲ ನಂತರ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಸ್ವಿಚ್ ಮುಟ್ಟಬೇಡಿ. ಮೈನ್ ಬೋರ್ಡೇ ಒದ್ದೆಯಾಗಿದ್ದರೆ ಅದರ ಹತ್ತಿರ ಹೋಗದೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿರಿ. "ಫ್ಯಾನ್ ಹಾಕಿದರೆ ಬೇಗ ಒಣಗುತ್ತದೆ" ಎಂದು ಹೇಳುವವರೂ ಇದ್ದಾರೆ, ಅವರ ಮಾತು ಕೇಳಬೇಡಿ. ನಿಮ್ಮ ಮನೆಯಲ್ಲಿ ವಿದ್ಯುತ್ ಸೋರಿಕೆಯಾದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಶಿಯನ್‌ರನ್ನು ಕೇಳಿರಿ. ಇಲ್ಲದಿದ್ದರೆ 30 ಮಿಲಿಆಂಪಿಯರ್‌ನದ್ದನ್ನು ಹಾಕಿಸಿರಿ.

ಅಲಂಕಾರಕ್ಕೆ ಹಾಕಿಸಿದ ಜಿಪ್ಸಮ್ ಸೀಲಿಂಗ್ ಹೊಟ್ಟೆ ಬಿಟ್ಟಂತೆ ಕೆಳಗಿಳಿದಿದ್ದರೆ ಅದರಲ್ಲಿ ನೀರು ತುಂಬಿದೆ ಎಂದರ್ಥ. ವಿದ್ಯುತ್ ಆಫ್ ಮಾಡಿ, ಕೆಳಗೆ ಬಾಲ್ದಿಯಿಟ್ಟು, ಬದಿಯಲ್ಲಿ ನಿಂತು ಕೋಲಿನ ತುದಿಯಿಂದ ಸಣ್ಣ ತೂತು ಮಾಡಿ ನೀರನ್ನು ಇಳಿಸಿಬಿಡಿ. ಇಲ್ಲವಾದರೆ ಹಲಗೆಯೇ ಬೀಳುತ್ತದೆ. ತೊಟ್ಟಿಕ್ಕುವಲ್ಲಿಂದ ಬಾಲ್ದಿಗೆ ಒಂದು ದಪ್ಪ ನೂಲು ಇಳಿಬಿಟ್ಟರೆ ನೀರು ಸದ್ದಿಲ್ಲದೆ, ಸಿಡಿಯದೆ ಇಳಿಯುತ್ತದೆ. ಪಾಸ್‌ಪೋರ್ಟ್, ಆಸ್ತಿಪತ್ರ, ಮಕ್ಕಳ ಅಂಕಪಟ್ಟಿಗಳನ್ನು ಮಳೆಗಾಲ ಮುಗಿಯುವವರೆಗೆ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡಿ. ಮುಸ್‌ಹಫ್ ಮತ್ತು ಕಿತಾಬುಗಳ ಕಪಾಟನ್ನು ತೇವದ ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ. ಗಾಳಿಮಳೆಗೆ ಮಾಡು ಹಾರಿ ಹೋಗಿದ್ದರೆ ರಿಪೇರಿಗೆ ಮೊದಲೇ ಫೋಟೋ ತೆಗೆದು ಗ್ರಾಮ ಪಂಚಾಯತ್‌ಗೂ ಕಂದಾಯ ಇಲಾಖೆಗೂ ಅರ್ಜಿ ಕೊಡಿ. ಪ್ರಕೃತಿ ವಿಕೋಪದ ಪರಿಹಾರ ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲಿ ಅಸ್ತಮಾ ಇರುವ ಮಗುವಿದ್ದರೆ ಬೂಸ್ಟನ್ನು ಹಗುರವಾಗಿ ಕಾಣಬೇಡಿ. ತೇವ ಮತ್ತು ಬೂಸ್ಟಿನ ಮನೆಯಲ್ಲಿ ಉಸಿರಾಟದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಆ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗಿಸುವುದನ್ನಾದರೂ ನಿಲ್ಲಿಸಿರಿ.

ಒಳಗಿನಿಂದ ಬಳಿದರೆ ಸಾಕೇ?

ಸಾಲದು. ನಾನು ಮಾಡಿದ ತಪ್ಪು ಅದೇ. ಕೆಳಗಿನಿಂದ ಬಣ್ಣವೋ ಪುಟ್ಟಿಯೋ ಬಳಿದರೆ ಕಲೆ ಮುಚ್ಚುತ್ತದೆ, ನೀರು ಮಾತ್ರ ಸ್ಲ್ಯಾಬಿನೊಳಗೇ ಉಳಿದು ಸರಳನ್ನು ತಿನ್ನುತ್ತದೆ. ತಡೆಯಬೇಕಾದದ್ದು ಮೇಲಿನಿಂದ. ಬಿರುಕನ್ನು ಸ್ವಲ್ಪ ಅಗಲಕ್ಕೆ ಕೆತ್ತಿ, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸಿ, ಸಂದುಗಳನ್ನು ಗುಂಡಗೆ ಮಾಡಿ, ಮತ್ತೆ ಜಲನಿರೋಧಕ ಲೇಪ ಕೊಡಬೇಕು. ಎಲ್ಲಕ್ಕೂ ತಾರಸಿ ಪೂರ್ತಿ ಒಣಗಿರಬೇಕು. ಜುಲೈ ತಿಂಗಳಲ್ಲಿ ಎರಡು ದಿನದ ಬಿಸಿಲು ನೋಡಿ ಬಳಿಸಿದ ಲೇಪ ಆಗಸ್ಟ್‌ನಲ್ಲಿ ಹಪ್ಪಳದಂತೆ ಏಳುತ್ತದೆ. ಆಗ ಟರ್ಪಾಲು ಹೊದಿಸಿ ಕಾಯುವುದೇ ಲೇಸು. ಸರಳು ಹೊರಗೆ ಕಂಡಿದ್ದರೆ ಮೇಸ್ತ್ರಿಯಿಂದ ಆಗದು, ಇಂಜಿನಿಯರ್‌ಗೆ ತೋರಿಸಿರಿ.

ನಮ್ಮ ಕಡೆ ಈಗ ತಾರಸಿಯ ಮೇಲೆ ಶೀಟು ಹಾಕುವುದು ವಾಡಿಕೆಯಾಗಿದೆ. ಮಳೆ ತಡೆಯುತ್ತದೆ, ಬಟ್ಟೆ ಒಣಗುತ್ತದೆ, ಅಡಿಕೆ ಒಣಗುತ್ತದೆ, ಮದರಂಗಿಯ ರಾತ್ರಿ ನೆಂಟರನ್ನು ಕೂರಿಸಲೂ ಆಗುತ್ತದೆ. ನಾನೂ ಅದರ ಪರವೇ. ಆದರೆ ಕಂಬಗಳನ್ನು ಸ್ಲ್ಯಾಬಿಗೇ ತೂತು ಹೊಡೆದು ನಿಲ್ಲಿಸಿದರೆ ಅವೇ ಹೊಸ ಸೋರುವ ಜಾಗಗಳಾಗುತ್ತವೆ. ಶೀಟಿನ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಬಿರಿಯುತ್ತದೆ, ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಶೀಟಿನ ನೀರು ನೆರೆಮನೆಯ ಅಂಗಳಕ್ಕೆ ಸುರಿಯದಂತೆ ದಂಬೆ ಕಟ್ಟಿಸುವುದು ಅವರು ಬಂದು ಹೇಳುವ ಮೊದಲೇ ಆಗಬೇಕಾದ ಕೆಲಸ. ಹಳೆಯ ಕಲ್ನಾರಿನ ಸಿಮೆಂಟ್ ಶೀಟಾದರೆ ಅದನ್ನು ಕೊರೆಯುವುದು, ಒಣಗಿದಾಗ ತಿಕ್ಕುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಕೆಲಸ ಮುಗಿಸಿದವರು ಪರೀಕ್ಷೆ ಮಾಡಿ ತೋರಿಸಲಿ. ಪೈಪಿನ ಬಾಯಿ ಕಟ್ಟಿ ತಾರಸಿಯಲ್ಲಿ ಒಂದೆರಡು ಇಂಚು ನೀರು 24 ಗಂಟೆ ನಿಲ್ಲಿಸಿ ಕೆಳಗೆ ಒಸರುತ್ತದೆಯೇ ಎಂದು ನೋಡುವ ಕ್ರಮವಿದೆ. ಆದರೆ ಸಾವಿರ ಚದರ ಅಡಿಯಲ್ಲಿ ಎರಡು ಇಂಚು ನೀರು ನಿಂತರೆ ನಾಲ್ಕೂವರೆ ಟನ್ನಿಗೂ ಹೆಚ್ಚು ಭಾರ. ಸರಳು ತಿಂದ ಹಳೆಯ ಸ್ಲ್ಯಾಬಿಗೆ ಇದು ಬೇಡವೇ ಬೇಡ. ಅಂತಹ ಮನೆಗೆ ಮಳೆಯೇ ಪರೀಕ್ಷೆ.

ಹಾಗಾಗಿ ಕೂಲಿಯ ಮಾತು ಆಡುವಾಗಲೇ ಒಂದು ಷರತ್ತು ಹಾಕಿರಿ. ಕೊನೆಯ ಕಂತಿನ ಹಣ ಮೊದಲ ದೊಡ್ಡ ಮಳೆಯ ನಂತರ. ಎರಡನೇ ಸಲ ರಿಪೇರಿ ಮಾಡಿಸುವಾಗ ನಾನು ಹಾಗೆಯೇ ಹೇಳಿದೆ. ಮೇಸ್ತ್ರಿ ಮುಖ ಸಣ್ಣದು ಮಾಡಿದರು. "ಟೀಚರೇ, ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದರು. "ನಿಮ್ಮ ಮೇಲೆ ಇದೆ, ಮಳೆಯ ಮೇಲೆ ಇಲ್ಲ" ಎಂದೆ. ಜೂನ್ ಎರಡನೇ ವಾರದ ದೊಡ್ಡ ಮಳೆಯ ಮರುದಿನ ಅವರೇ ಕೊಡೆ ಹಿಡಿದುಕೊಂಡು ಬಂದು, ಮಕ್ಕಳ ಕೋಣೆಯಲ್ಲಿ ತಲೆಯೆತ್ತಿ ಬಹಳ ಹೊತ್ತು ನೋಡಿ, ಚಹಾ ಕುಡಿದು, ಉಳಿದ ಹಣ ತೆಗೆದುಕೊಂಡು ಹೋದರು.