ಸುಮ್ಮನಿದ್ದಾಗಲೇ ಕಡಿಯುತ್ತಿದ್ದ ಸಂಪರ್ಕ

ರಾತ್ರಿ 11 ಗಂಟೆ. ಜೋಗೇಶ್ವರಿ ಪೂರ್ವದ ಬಾಡಿಗೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಭಿವಂಡಿಯ ಗೋದಾಮಿನಿಂದ ಫೋನ್ ಬಂತು. ನಾನು ಕನ್ನಡದವನೆಂದು ಗೊತ್ತಿದ್ದ ಸೂಪರ್‌ವೈಸರ್ ಫೋನನ್ನು ಲಾರಿ ಚಾಲಕನ ಕೈಗೇ ಕೊಟ್ಟರು.

“ಸಾಹೇಬ್ರ, ಮುಕ್ಕಾಲ ತಾಸಾತು ಗೇಟಿನ್ಯಾಗ ನಿಂತೀನ್ರಿ. ನಾಳೆ ಹುಬ್ಬಳ್ಳಿಗೆ ತಡಾ ಆದ್ರ ನನ್ನ ಪಗಾರದಾಗ ಹಿಡೀತಾರ್ರಿ.”

ರಾಜ್ಯದಿಂದ ರಾಜ್ಯಕ್ಕೆ 50 ಸಾವಿರ ರೂಪಾಯಿಗೂ ಹೆಚ್ಚಿನ ಸರಕು ಸಾಗಿಸಲು 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬೇಕೇ ಬೇಕು. ಆ ಗೋದಾಮಿನ ಬಿಲ್‌ಗಳನ್ನು ಕೋರುವುದು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನ ಒಂದು ವಿಂಡೋಸ್ ಸರ್ವಿಸ್. ಅದಕ್ಕೆ ಪರದೆಯಿಲ್ಲ, ಗುಂಡಿಯಿಲ್ಲ. ಸರ್ವರ್‌ನ ಮೂಲೆಯಲ್ಲಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ಕೈಕೊಟ್ಟಾಗಲೆಲ್ಲ ನಾವು ರೀಸ್ಟಾರ್ಟ್ ಮಾಡಿ, ದೂರಿನ ಎದುರು ‘ನೆಟ್‌ವರ್ಕ್ ತೊಂದರೆ’ ಎಂದು ಬರೆದು ಮುಗಿಸುತ್ತಿದ್ದೆವು. ಎಂಟು ತಿಂಗಳಿಂದ ಇದೇ ಕಥೆ.

ಅಂದೂ ರೀಸ್ಟಾರ್ಟ್ ಮಾಡಿದೆ, ಬಿಲ್ ಬಂತು, ಲಾರಿ ಹೊರಟಿತು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಮೊದಲ ಅನುಮಾನ ಸಂಪರ್ಕಗಳ ಮಿತಿಯ ಮೇಲೆ. ಇಂಥ ಹಳೆಯ ಪ್ರೋಗ್ರಾಂ ಒಂದು ಸರ್ವರ್‌ಗೆ ಏಕಕಾಲಕ್ಕೆ ಎರಡೇ ಎಚ್‌ಟಿಟಿಪಿ ಸಂಪರ್ಕ ತೆರೆಯುತ್ತದೆ. 1999ರ ಎಚ್‌ಟಿಟಿಪಿ ನಿಯಮಾವಳಿಯ ಸಲಹೆ ಅದು. ಆದರೆ ದೋಷ ಅದಾಗಿದ್ದರೆ ಸಂಜೆಯ ನೂಕುನುಗ್ಗಲಿನಲ್ಲಿ ತೊಂದರೆಯಾಗಬೇಕಿತ್ತು. ಲಾಗ್ ನೋಡಿದರೆ ಸಂಜೆ ಒಂದೂ ತಪ್ಪಿಲ್ಲ. ಕೆಡುತ್ತಿದ್ದುದೆಲ್ಲ ಕೆಲಸ ಕಡಿಮೆಯಿರುವ ರಾತ್ರಿ.

ಪ್ರತಿ ತಪ್ಪಿಗೂ ಅದರ ಹಿಂದಿನ ಕೋರಿಕೆಗೂ ನಡುವಿನ ಅಂತರವನ್ನು ಬರೆದುಕೊಂಡೆ. 64 ಸೆಕೆಂಡ್, 71, 88, 95. ಅರುವತ್ತಕ್ಕಿಂತ ಕಡಿಮೆ ಒಂದೂ ಇಲ್ಲ, ನೂರು ದಾಟಿದ್ದೂ ಇಲ್ಲ. ಕೊನೆಯ ಲೋಕಲ್ ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ.

ನೂರರ ಅರ್ಥ ಗೊತ್ತಿತ್ತು. ಪ್ರತಿ ಸಲ ಹೊಸದಾಗಿ ಸಂಪರ್ಕಿಸುವ ಶ್ರಮ ಉಳಿಸಲು ಡಾಟ್‌ನೆಟ್ ಹಳೆಯ ಸಂಪರ್ಕವನ್ನೇ 100 ಸೆಕೆಂಡ್ ಕಾದಿಟ್ಟುಕೊಳ್ಳುತ್ತದೆ. ಅರುವತ್ತರ ಗುಟ್ಟು ಮರುದಿನ ಗ್ರಾಹಕರ ಕಚೇರಿಯಲ್ಲಿ ಸಿಕ್ಕಿತು. ಎಂಟು ತಿಂಗಳ ಹಿಂದೆ ಹಾಕಿದ ಹೊಸ ಫೈರ್‌ವಾಲ್, 60 ಸೆಕೆಂಡ್ ಸುಮ್ಮನಿದ್ದ ಸಂಪರ್ಕವನ್ನು ಯಾರಿಗೂ ಹೇಳದೆ ಮರೆತುಬಿಡುತ್ತಿತ್ತು. ವೈರ್‌ಶಾರ್ಕ್‌ನಲ್ಲಿ ನೋಡಿದರೆ ನಮ್ಮ ಸರ್ವಿಸ್ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿದೆ, ಉತ್ತರವಿಲ್ಲ. ಫೋನ್ ಕಟ್ಟಾದದ್ದು ತಿಳಿಯದೆ ಊರಿನಲ್ಲಿ ಅಮ್ಮ ‘ಹಲೋ, ಹಲೋ’ ಎನ್ನುತ್ತಾ ಇರುತ್ತಾರಲ್ಲ, ಹಾಗೆ.

ಸೋತ ಕೋರಿಕೆಯನ್ನು ಸರ್ವಿಸ್ ಮತ್ತೆ ಕಳಿಸುತ್ತಿದ್ದುದು ಒಂದು ಗಂಟೆಯ ನಂತರ, ಇಲ್ಲವೇ ರೀಸ್ಟಾರ್ಟ್ ಆದಾಗ. ನಮ್ಮ ರೀಸ್ಟಾರ್ಟ್ ‘ಔಷಧ’ದ ಮಹಿಮೆ ಇಷ್ಟೇ! ರೋಗ ಹಾಗೇ ಉಳಿದಿತ್ತು.

ತಿದ್ದಿದ್ದು ಒಂದು ಸಾಲು: ಸುಮ್ಮನಿರುವ ಸಂಪರ್ಕವನ್ನು ನಾವೇ 50 ಸೆಕೆಂಡಿಗೆ ಮುಚ್ಚುವುದು. ಜೊತೆಗೆ, ಸೋತದ್ದನ್ನು ಒಂದು ನಿಮಿಷದಲ್ಲೇ ಮತ್ತೆ ಕಳಿಸುವುದು. ಆದರೆ ಅದಕ್ಕೂ ಮೊದಲು ಆ ಇನ್‌ವಾಯ್ಸ್‌ಗೆ ಬಿಲ್ ಆಗಲೇ ಆಗಿದೆಯೇ ಎಂದು ಕೇಳುವುದು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದಲ್ಲವಲ್ಲ.

ಆಮೇಲೆ ರಾತ್ರಿಯ ಫೋನ್ ನಿಂತಿತು. ಹಳೆಯ ದೂರುಗಳನ್ನು ತೆರೆದು ‘ನೆಟ್‌ವರ್ಕ್ ತೊಂದರೆ’ ಎಂದಿದ್ದಲ್ಲೆಲ್ಲ ನಿಜವಾದ ಕಾರಣ ಬರೆದೆ. ಒಂದೊಂದರ ಹಿಂದೆಯೂ ಗೇಟಿನಲ್ಲಿ ನಿಂತ ಒಂದು ಲಾರಿಯಿತ್ತು. ಎಷ್ಟು ಜನರ ಪಗಾರದಲ್ಲಿ ಎಷ್ಟು ಹಿಡಿದರೋ, ಅದು ಮಾತ್ರ ಯಾವ ಲಾಗ್‌ನಲ್ಲೂ ಇಲ್ಲ.