ಗಾಡಿಗೂ ಉಸಿರು ಕಟ್ಟಿತ್ತು!

ಜೊಮ್‌ಸೊಮ್ ಊರಿಗೆ ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗ ನನ್ನ ಬೈಕು ಮೂರು ಸಲ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತೇಬಿಟ್ಟಿತು. ಕಿಕ್ ಹೊಡೆದೂ ಹೊಡೆದೂ ಕಾಲು ನೋವು ಬಂತೇ ಹೊರತು ಎಂಜಿನ್‌ಗೆ ಜೀವ ಬರಲಿಲ್ಲ.

ಜೊಮ್‌ಸೊಮ್ ಇರುವುದು ನೇಪಾಳದ ಮುಸ್ತಾಂಗ್ ಜಿಲ್ಲೆಯಲ್ಲಿ, ಸುಮಾರು 2,700 ಮೀಟರ್ ಎತ್ತರದಲ್ಲಿ. ಧವಳಗಿರಿ ಮತ್ತು ಅನ್ನಪೂರ್ಣ ಪರ್ವತಗಳ ನಡುವೆ ಕಾಳಿ ಗಂಡಕಿ ನದಿ ಕೊರೆದ ಆಳವಾದ ಕಣಿವೆಯೇ ಅಲ್ಲಿಗೆ ದಾರಿ. ನಮ್ಮ ದೇವರ ಪೆಟ್ಟಿಗೆಗಳಲ್ಲಿರುವ ಸಾಲಿಗ್ರಾಮ ಸಿಗುವುದು ಈ ಗಂಡಕಿಯಲ್ಲೇ. ನಾನು ಬೆಂಗಳೂರಿನಿಂದ ಹೊರಡುವಾಗ ಅಜ್ಜಿ ಒಂದು ಸ್ಟೀಲ್ ಬಾಟಲಿ ಕೈಗಿಟ್ಟಿದ್ದಳು. "ನನಗಂತೂ ಹೋಗೋಕಾಗಲ್ಲ. ಮುಕ್ತಿನಾಥದ ನೀರು ಒಂದಿಷ್ಟು ತಂದುಕೊಡೋ" ಎಂದಿದ್ದಳು. ಆ ಮುಕ್ತಿನಾಥಕ್ಕೆ ಇನ್ನು ಉಳಿದಿದ್ದು 20 ಚಿಲ್ಲರೆ ಕಿಲೋಮೀಟರ್ ಮಾತ್ರ!

ಇನ್ನೊಂದು ತಲೆನೋವೂ ಇತ್ತು. ನಮ್ಮ ದೇಶದ ಗಾಡಿ ನೇಪಾಳದೊಳಗೆ ಹೋಗಬೇಕಾದರೆ ಗಡಿಯಲ್ಲಿ ದಿನಕ್ಕಿಷ್ಟು ಎಂದು ಸುಂಕ ಕಟ್ಟಿ ಚೀಟಿ ಪಡೆಯಬೇಕು. ಅದಕ್ಕೆ ಅಲ್ಲಿ 'ಭನ್ಸಾರ್' ಎನ್ನುತ್ತಾರೆ. ಅವಧಿ ಮೀರಿದರೆ ದಂಡ. ನನ್ನ ಚೀಟಿಯಲ್ಲಿ ಉಳಿದಿದ್ದು ನಾಲ್ಕೇ ದಿನ. ಗಡಿಗೆ ವಾಪಸಾಗಲು ಮೂರು ದಿನ ಬೇಕು. ರಿಪೇರಿಗೆ ಒಂದು ದಿನ ಹೋದರೂ ಮುಕ್ತಿನಾಥ ಕೈತಪ್ಪಿದಂತೆಯೇ.

ಶಾಲೆ ಬಿಟ್ಟು ಬರುತ್ತಿದ್ದ ಇಬ್ಬರು ಹುಡುಗರು ಹಿಂದಿನಿಂದ ತಳ್ಳಿದರು. ಎದುರಿಗೆ ಒಂದು ಬೋರ್ಡು ಕಂಡಿತು: 'ಮೋಟರ್‌ಸೈಕಲ್ ಮರ್ಮತ'. ನೋಡಿ ನಗು ಬಂತು. ನಮ್ಮ ಹಿರಿಯರು ರಿಪೇರಿಗೆ 'ಮರಾಮತ್ತು' ಎನ್ನುವುದಿಲ್ಲವೇ? ಅದೇ ಪದ ಹಿಮಾಲಯದ ಮಡಿಲಲ್ಲೂ ಇದೆ!

ಒಳಗಿದ್ದ ಮೆಕ್ಯಾನಿಕ್‌ಗೆ ಇಪ್ಪತ್ತೈದರ ವಯಸ್ಸಿರಬಹುದು. "ಬನ್ನಿ ದಾಯಿ" ಎಂದ. ದಾಯಿ ಎಂದರೆ ನೇಪಾಳಿಯಲ್ಲಿ ಅಣ್ಣ. ಹಿಂದಿ ಬರುತ್ತಿತ್ತು, ಬಚಾವಾದೆ. ಎಂಜಿನ್ ಬಿಚ್ಚಬೇಕು ಎಂದುಬಿಟ್ಟರೆ? ಬಿಡಿಭಾಗ ಪೋಖರಾದಿಂದ ಬರಬೇಕು ಎಂದರೆ? ನನ್ನ ಎದೆ ಡವಡವ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗಿನಿಂದ ಕೆಮ್ಮುತ್ತಿದೆ?" ಘಾಟಿ ಹತ್ತಲು ಶುರುಮಾಡಿದಾಗಿನಿಂದ ಎಂದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ. ಬಿಸ್ಕತ್ತಿನ ಬಣ್ಣಕ್ಕಿರಬೇಕಾದ ಅದರ ತುದಿ ಕಾಡಿಗೆಯಂತೆ ಕಪ್ಪಾಗಿತ್ತು. "ಹಾವಾ ಪುಗೇನ" ಎಂದ. ಗಾಳಿ ಸಾಲಲಿಲ್ಲ ಎಂದು ಅರ್ಥವಂತೆ.

ನನಗೆ ನಂಬಿಕೆ ಬರಲಿಲ್ಲ. ಕಿವಿ ಹಾರಿಹೋಗುವಷ್ಟು ಗಾಳಿ ಬೀಸುತ್ತಿತ್ತು! ಆ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಅಷ್ಟು ಜೋರು. ಮುಕ್ತಿನಾಥದ ಆಸೆ ಬಿಟ್ಟುಬಿಡು ಎಂದು ಹೇಳಲು ಅಜ್ಜಿಗೆ ಫೋನ್ ಮಾಡಿದೆ. ಪ್ಲಗ್ಗಿನ ವಿಷಯವೂ ಹೇಳಿದೆ.

"ಮಸಿ ಹಿಡಿದಿದ್ಯಾ? ಹಂಗಾದ್ರೆ ಆ ಹುಡುಗ ಹೇಳಿದ್ದೇ ಸರಿ ಕಣೋ" ಎಂದಳು ಅಜ್ಜಿ. "ಸೀಮೆಎಣ್ಣೆ ಸ್ಟವ್‌ಗೆ ಗಾಳಿ ಆಡದಿದ್ರೆ ಉರಿ ಹಳದಿಯಾಗಿ ಪಾತ್ರೆ ತಳವೆಲ್ಲ ಮಸಿಯಾಗ್ತಿರಲಿಲ್ವೇ? ಅದಕ್ಕೆ ಸ್ಟವ್ ಬಿಸಾಕ್ತಿದ್ವಾ? ತೂತು ಬಿಡಿಸ್ತಿದ್ವಿ!"

ಇದನ್ನು ಹಿಂದಿಯಲ್ಲಿ ಹೇಳಿದಾಗ ಮೆಕ್ಯಾನಿಕ್ ಬಿದ್ದುಬಿದ್ದು ನಕ್ಕ. "ನಿಮ್ಮ ಅಜ್ಜಿ ಒಳ್ಳೆಯ ಮಿಸ್ತ್ರಿ!" ಎಂದ.

ಮಕ್ಕಳೇ, ಸಂಗತಿ ಇಷ್ಟೇ. ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯಲು ಗಾಳಿ ಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಜೊಮ್‌ಸೊಮ್‌ನಷ್ಟು ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು ಮಾತ್ರ. ಈಗಿನ ಹೊಸ ಬೈಕುಗಳು ಇದನ್ನು ತಾವೇ ಅಳೆದು ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತವೆ. ನನ್ನದು ಹಳೆಯ ಕಾರ್ಬುರೇಟರ್ ಗಾಡಿ, ಅದಕ್ಕೆ ಆ ಬುದ್ಧಿ ಇಲ್ಲ. ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ; ಅರ್ಧಂಬರ್ಧ ಉರಿದು ಮಸಿ. ಸಾಲದ್ದಕ್ಕೆ ಏರ್ ಫಿಲ್ಟರ್ ತುಂಬ ಕಣಿವೆಯ ದೂಳು. ಬೆಂಗಳೂರು ಬಿಟ್ಟ ಮೇಲೆ ಒಮ್ಮೆಯೂ ಅದನ್ನು ತೆಗೆದು ನೋಡಿರಲಿಲ್ಲ. ತಪ್ಪು ನನ್ನದೇ.

ಅವನು ಫಿಲ್ಟರ್ ಕೊಡವಿ ಊದಿದ, ಪ್ಲಗ್ಗನ್ನು ತಂತಿಯ ಬ್ರಷ್‌ನಿಂದ ಉಜ್ಜಿದ. ಆಮೇಲೆ ಕಾರ್ಬುರೇಟರ್ ಬಿಚ್ಚಿ ಅದರೊಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿದ. ಸೂಜಿ ಕೆಳಗಿಳಿದರೆ ಪೆಟ್ರೋಲ್ ಹೋಗುವ ದಾರಿ ಕಿರಿದಾಗುತ್ತದೆ. "ಕೆಳಗಿಳಿದ ಮೇಲೆ ಮೊದಲಿನಂತೆಯೇ ಹಾಕಿ. ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದುಹೋಗುತ್ತದೆ" ಎಂದು ಎರಡೆರಡು ಸಲ ಬಿಚ್ಚಿ ಹಾಕಿ ತೋರಿಸಿದ. ಒಂದೇ ಕಿಕ್! ಎಂಜಿನ್ ಗುಡುಗಿತು, ಹುಡುಗರು ಚಪ್ಪಾಳೆ ತಟ್ಟಿದರು.

ಅವನು ಕೇಳಿದ್ದು 400 ನೇಪಾಳಿ ರೂಪಾಯಿ, ಅಂದರೆ ನಮ್ಮ 250. ಎಂಜಿನ್ನೇ ಹೋಗಿದೆ ಎಂದಿದ್ದರೂ ನಂಬಿ, ಕೇಳಿದಷ್ಟು ಕೊಡುತ್ತಿದ್ದೆ. ಅವನು ಹಾಗೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ, ಗಾಳಿ ಏಳುವ ಮೊದಲೇ ಮುಕ್ತಿನಾಥ ತಲುಪಿದೆ. ಗುಡಿಯ ಹಿಂದೆ 108 ಧಾರೆಗಳು ಸುರಿಯುತ್ತವೆ. ಕೈ ಮರಗಟ್ಟುವ ಆ ನೀರನ್ನು ಬಾಟಲಿಗೆ ತುಂಬಿದೆ. ಇಳಿಯುವಾಗ ತಾತೋಪಾನಿಯಲ್ಲಿ ರಸ್ತೆಬದಿ ಕೂತು ನಾನೇ ಕ್ಲಿಪ್ ಬದಲಿಸಿದೆ. ಅವನು ಹತ್ತು ನಿಮಿಷದಲ್ಲಿ ಮಾಡಿದ್ದಕ್ಕೆ ನನಗೆ ಒಂದೂವರೆ ಗಂಟೆ ಹಿಡಿಯಿತು. ಚೀಟಿಯ ಕೊನೆಯ ದಿನ ಸಂಜೆ ಸುನೌಲಿ ಗಡಿ ದಾಟಿದೆ.

ಮನೆಗೆ ಬಂದು ಬಾಟಲಿ ಕೊಟ್ಟಾಗ ಅಜ್ಜಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಕೇಳಿದ ಮೊದಲ ಮಾತು: "ಸೂಜಿ ಸರಿಯಾಗಿ ವಾಪಸ್ ಹಾಕಿದ್ಯೇನೋ?"